ಕ್ಯಾಲೆಂಡರ್ ಹಿಂದಿನ ಗೋಡೆ

ಜೇವರ್ಗಿಯಲ್ಲಿ ಮನೆ ಕೊಳ್ಳುವವರು ಶ್ರಾವಣದಲ್ಲಿ ಮನೆ ನೋಡಬಾರದು. ಇದನ್ನು ಶಿವಕಾಂತಾಳಿಗೆ ಕಲಿಸಿದವಳು ಅಜೀಜಾಬಿ. ಕಲಿಸಿದ್ದಕ್ಕೆ ಅಜೀಜಾಬಿಗೆ ಏನು ಸಿಕ್ಕಿತು ಎಂಬುದು ನೆನಪಾದರೆ ಶಿವಕಾಂತಾ ಇವತ್ತಿಗೂ ನಾಚಿ ತಲೆ ತಗ್ಗಿಸುತ್ತಾಳೆ.

ಅವಳೂ ಗಂಡ ಕಲ್ಲಿನಾಥನೂ ಎರಡು ವರ್ಷದಿಂದ ಮನೆ ಹುಡುಕುತ್ತಿದ್ದರು. ಅವನು ಬೇಳೆ ಮಿಲ್ಲಿನಲ್ಲಿ ಮೇಸ್ತ್ರಿ. ಒಂದು ಮನೆಗೆ ಕಾಗದ ಸರಿಯಿದ್ದರೆ ನಳದಲ್ಲಿ ನೀರಿರುತ್ತಿರಲಿಲ್ಲ. ನೀರಿದ್ದ ಮನೆಯ ಮಾಲೀಕತ್ವದ ಉತಾರದಲ್ಲಿ ನಾಲ್ಕು ಮಂದಿ ಅಣ್ಣತಮ್ಮಂದಿರ ಹೆಸರಿರುತ್ತಿತ್ತು. ಎರಡೂ ಸರಿಯಿದ್ದರೆ, ಇವರು ಒಂದು ರಾತ್ರಿ ಯೋಚನೆ ಮಾಡಿ ಬರುವಷ್ಟರಲ್ಲಿ ಕಲಬುರಗಿಯವರಾರೋ ಮುಂಗಡ ಕೊಟ್ಟು ಹೋಗಿರುತ್ತಿದ್ದರು.

ಕೊನೆಗೆ ತೊಗರಿ ವ್ಯಾಪಾರಿ ಜಗದೇವಪ್ಪ ಸಾವಕಾರರ ಮನೆ ಮಾರಾಟಕ್ಕಿದೆ ಎಂದು ಗೊತ್ತಾಯಿತು. ಮೂರು ಕೋಣೆ, ನೆಲಕ್ಕೆ ಶಹಾಬಾದಿ ಕಲ್ಲು, ಗೋಡೆಗೆ ಹೊಸ ಬಣ್ಣ. ಹನ್ನೊಂದು ವರ್ಷದಿಂದ ಅಲ್ಲಿ ಬಾಡಿಗೆಗಿದ್ದವಳು ಅಜೀಜಾಬಿ. ಗಂಡನಿಲ್ಲ, ಕುಪ್ಪಸ ಹೊಲಿದು ಸಂಸಾರ ನಡೆಸುತ್ತಿದ್ದಳು. ಮಗಳು ಮಹೆಕ ಹತ್ತನೆಯ ಇಯತ್ತೆ. ಹುಡುಗಿಯ ಪರೀಕ್ಷೆ ಮುಗಿಯುವವರೆಗೆ ಬಿಡಿಸುವುದಿಲ್ಲ, ಕೊಂಡವರಿಗೂ ಹೇಳುತ್ತೇನೆ ಎಂದು ಸಾವಕಾರರು ಮಾತು ಕೊಟ್ಟಿದ್ದರು.

ಮನೆ ನೋಡಲು ಶಿವಕಾಂತಾ ಒಬ್ಬಳೇ ಹೋದಳು. ಎರಡು ವರ್ಷದಲ್ಲಿ ಕಲಿತದ್ದನ್ನೆಲ್ಲ ಮಾಡಿದಳು. ನಳ ತಿರುವಿದಳು, ಬಚ್ಚಲಿಗೆ ಒಂದು ಕೊಡ ನೀರು ಸುರಿದು ಎಷ್ಟು ಹೊತ್ತಿಗೆ ಇಳಿಯುತ್ತದೆ ಎಂದು ನೋಡಿದಳು, ಗೋಡೆ ಬಡಿದು ಕಿವಿಗೊಟ್ಟಳು. ಮಷೀನಿನ ಮುಂದೆ ಕೂತಿದ್ದ ಅಜೀಜಾಬಿ ನಕ್ಕಳು.

"ತಂಗಿ, ಮಳಿಗಾಲದಾಗ ಗ್ವಾಡಿ ಬಡದ್ರ ಏನ್ ಹೇಳ್ತದ? ಇಲ್ಲಿ ಬಾ."

ಮಲಗುವ ಕೋಣೆಯಲ್ಲಿ ತೂಗುಹಾಕಿದ್ದ ಕ್ಯಾಲೆಂಡರನ್ನು ಸರಿಸಿದಳು. ಬಣ್ಣದ ಕೆಳಗೆ ಕೂದಲೆಳೆಯಷ್ಟು ಸಣ್ಣ ಗೆರೆ.

"ಬ್ಯಾಸಿಗ್ಯಾಗ ಬಂದ್ರ ಇದರಾಗ ಬೆರಳ ಹೋಗ್ತದ. ಎರಿ ಭೂಮಿ ನೋಡು, ಬಿಸಲಿಗಿ ಬಿರೀತದ, ಮಳಿಗಿ ಮುಚ್ಕೋತದ. ನಾ ಬಟ್ಟಿ ಚೂರು ತುರಕತೇನಿ."

"ಬೀಳ್ತದೇನ್ರಿ ಆಪಾ?"

"ಹನ್ನೊಂದ ವರ್ಷದಾಗ ಬಿದ್ದಿಲ್ಲ. ಬುನಾದಿ ಕಡೆ ನೀರ ಹೋಗಲಾರದಂಗ ನೋಡಿಕೊಂಡ್ರ ಬೀಳೂದಿಲ್ಲ. ಆದ್ರ ಹೊಸಾ ಮನಿ ಬೆಲಿ ಕೊಡಬ್ಯಾಡ. ಮತ್ತ, ನನ್ನ ಹೆಸರ ಮಾತ್ರ ಸಾವಕಾರ ಮುಂದ ತಗೀಬ್ಯಾಡ."

"ನನ್ನ ಮಕ್ಕಳ ಆಣಿ, ಆಪಾ."

ಯಾರೂ ಕೇಳದ ಆಣೆ ಅದು. ಶಿವಕಾಂತಾ ತಾನಾಗಿಯೇ ಹಾಕಿದ್ದಳು.

ಸೋಮವಾರ ಸಾವಕಾರರ ಅಂಗಡಿಯಲ್ಲಿ ವ್ಯವಹಾರ. ಜಗದೇವಪ್ಪನವರು ಹಳೆಯ ಕಾಲದ ವ್ಯಾಪಾರಿ. ಬಾಯಿಂದ ಬೆಲೆ ಹೇಳುವವರಲ್ಲ. ಟವೆಲ್ಲಿನ ಕೆಳಗೆ ಕೈ ಹಿಡಿದು ಬೆರಳು ಒತ್ತುವುದು; ಕೂತವರಿಗೆ ಬೆಲೆ ಗೊತ್ತಾಗಬಾರದು. ತೊಗರಿಗೆ ನಡೆದದ್ದು ಮನೆಗೂ ನಡೆಯಿತು. ಹೆಂಗಸರ ಕೈ ಹಿಡಿಯುವಂತಿಲ್ಲವಾದ್ದರಿಂದ ಶಿವಕಾಂತಾ ಬೆಂಚಿನ ಮೇಲೆ ಕೂತು ಗಂಡನ ಮುಖ ನೋಡುತ್ತಿದ್ದಳು. ಮೆತ್ತಗಿನ ಮನುಷ್ಯ. ಎರಡು ಸಲ ತಲೆ ಅಲ್ಲಾಡಿಸಿದ, ಮೂರನೆಯ ಸಲ ಒಪ್ಪುವವನಂತೆ ಕತ್ತು ಬಗ್ಗಿಸಿದ. ಅದನ್ನು ಕಂಡು ಅವಳಿಗೆ ತಡೆಯಲಾಗಲಿಲ್ಲ.

"ಅಷ್ಟ ಹ್ಯಾಂಗ ಕೊಡೂದ್ರಿ ಸಾವಕಾರ? ಕ್ಯಾಲೆಂಡರ್ ಹಿಂದ ಗ್ವಾಡಿ ಬಿರದದ. ಬ್ಯಾಸಿಗ್ಯಾಗ ಬೆರಳ ಹೋಗ್ತದ!"

ಟವೆಲ್ ಕೆಳಗಿನ ಕೈಗಳು ನಿಂತವು. ಜಗದೇವಪ್ಪನವರು ನಿಧಾನಕ್ಕೆ ಅವಳ ಕಡೆ ತಿರುಗಿದರು.

"ಖರೇ ಅದ ತಾಯಿ. ಆದ್ರ ಶ್ರಾವಣದಾಗ ನೋಡಿದವರಿಗಿ ಬ್ಯಾಸಿಗಿ ಬೆರಳ ಹ್ಯಾಂಗ ಗೊತ್ತಾತು?"

ಓಣಿಯವರು ಹೇಳಿದರು ಎನ್ನಬಹುದಿತ್ತು. ಮನೆ ಕಟ್ಟುವ ಗೌಂಡಿಯೊಬ್ಬನನ್ನು ಕರೆತಂದು ತೋರಿಸಿದೆ ಎನ್ನಬಹುದಿತ್ತು. ಶಿವಕಾಂತಾ ಸೆರಗಿನ ತುದಿ ನೋಡುತ್ತ ಕೂತಳು. ಅವಳ ಸುಮ್ಮನಿರುವಿಕೆಯೇ ಹೆಸರು ಹೇಳಿತು.

ಸಾವಕಾರರು ಎರಡು ಲಕ್ಷ ಇಳಿಸಿದರು. ಇಳಿಸಿ, ಟವೆಲ್ ಜಾಡಿಸಿ ಹೆಗಲಿಗೆ ಹಾಕಿಕೊಂಡು ಹೇಳಿದರು: "ಹನ್ನೊಂದ ವರ್ಷ ಬಾಡಿಗಿ ಏರಸಲಾರದ ಇಟ್ಟಿದ್ದೆ ಅಕೀನ. ತಿಂಗಳ ಕಡೀಕ ಬಿಡಸ್ತೇನಿ. ನಿಮಗ ಖಾಲಿ ಮನೀನೇ ಸಿಗ್ತದ, ಚಿಂತಿ ಬ್ಯಾಡ."

ಗಾಡಿಯ ಮೇಲೆ ಕಲ್ಲಿನಾಥನಿಗೆ ಖುಷಿಯೋ ಖುಷಿ. "ಏ ಬೇ, ನಿನ್ನ ನಾಲಿಗಿಗಿ ಎರಡ ಲಕ್ಷ ಬೆಲಿ ನೋಡು! ನಾಳಿಂದ ಮಿಲ್ಲಿಗಿ ನೀನ ಹೋಗು, ನಾ ರೊಟ್ಟಿ ಬಡೀತೇನಿ."

ಅವಳು ನಗಲಿಲ್ಲ.

ನಾಲ್ಕು ದಿನ ಅವಳು ಆ ಓಣಿಯ ಕಡೆ ಹಾಯಲಿಲ್ಲ. ಸಂತೆಗೂ ಸುತ್ತು ಹಾಕಿಕೊಂಡು ಹೋದಳು. ಮಕ್ಕಳಿಗೆ ತಲೆ ಬಾಚುವಾಗ ಅವರ ನೆತ್ತಿಯ ಮೇಲೆ ಕೈ ಇಡಲೂ ಅಂಜಿಕೆ. ಅವರ ಮೇಲೆಯೇ ಆಣೆ ಹಾಕಿದ್ದಳಲ್ಲ. ಐದನೆಯ ದಿನ ರೊಟ್ಟಿ ಬಡಿಯುತ್ತ ಗಂಡನಿಗೆ ಎಲ್ಲ ಹೇಳಿದಳು. ಅವನು ತಾಟನ್ನು ಪಕ್ಕಕ್ಕೆ ಸರಿಸಿದ.

"ಹಂಗಂದ್ರ ಆ ಹುಡುಗಿ ಪರೀಕ್ಷಾ ಮುಗಿಯೋ ಮಟ, ಏಪ್ರಿಲ್ ತನಕಾ, ನಾವು ಇದೇ ಬಾಡಿಗಿ ಮನ್ಯಾಗ," ಎಂದ. "ಹೋಗಿ ಹೇಳಿ ಬಾ. ನಾ ಬರೂದಿಲ್ಲ, ನನಗೂ ನಾಚಿಕಿ ಬರ್ತದ."

ಅಜೀಜಾಬಿಯ ಮನೆಯಲ್ಲಿ ಗಂಟುಮೂಟೆ ಕಟ್ಟಿಯಾಗಿತ್ತು. ಕ್ಯಾಲೆಂಡರ್ ಇಳಿಸಿದ್ದರು. ಗೋಡೆಯ ಮೇಲೆ ಆ ಗೆರೆ ಬರಿದಾಗಿ ಕಾಣುತ್ತಿತ್ತು. ಮಹೆಕ ತಲೆಯೆತ್ತದೆ ಪುಸ್ತಕದ ಪುಟ ತಿರುವಿದಳು.

"ಬರ್ರಿ ಅಕ್ಕೋರ, ಕೂಡ್ರಿ," ಎಂದಳು ಅಜೀಜಾಬಿ.

ಅವತ್ತಿನ 'ತಂಗಿ' ಇವತ್ತು 'ಅಕ್ಕೋರ' ಆಗಿತ್ತು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಅಜೀಜಾಬಿ ಬೈಯಲಿಲ್ಲ, ಚಹಾಕ್ಕೆ ಇಟ್ಟಳು.

"ತಪ್ಪಾತ್ರಿ ಆಪಾ."

"ಹೇಳಿದ್ದು ಖರೇನೇ ಹೇಳೀರಿ, ಬಿಡ್ರಿ. ನಾಕ ಕಡೆ ಖೋಲಿ ಕೇಳಿ ಬಂದೆ. ಒಬ್ಬರು ಕೊಡ್ತೇವಿ ಅಂದ್ರು, ನನ್ನ ಹೆಸರ ಕೇಳಿದ ಮ್ಯಾಲ ಬ್ಯಾರೆ ಮಂದಿ ಬಂದಾರ ಅಂದ್ರು." ಚಹಾ ಸೋಸುತ್ತ ಮುಂದುವರಿಸಿದಳು, "ಮತ್ತ ನೋಡ್ರಿ, ಹಿತ್ತಲದಾಗಿನ ಮೋರಿ ವರ್ಷಕ್ಕೊಮ್ಮಿ ಸ್ವಚ್ಛ ಮಾಡಸ್ರಿ. ಅದು ತುಂಬಿದ್ರ ನೀರ ಬುನಾದಿಗಿ ಹೋಗ್ತದ."

ಇನ್ನೂ ಆಕೆ ಮನೆಯ ಗುಟ್ಟು ಹೇಳಿಕೊಡುತ್ತಲೇ ಇದ್ದಳು. ಶಿವಕಾಂತಾ ಚಹಾದ ಬಸಿಯನ್ನು ಕುಡಿಯದೆ ನೆಲದ ಮೇಲಿಟ್ಟಳು.

"ಆಪಾ, ಇಪ್ಪತ್ತಕ್ಕ ರಿಜಿಸ್ಟ್ರಿ ಅದ. ಅಲ್ಲಿಂದ ಮನಿ ನಂದು. ಮಹೆಕಂದು ಪರೀಕ್ಷಾ ಮುಗಿಯೋ ಮಟ ನೀವ ಇಲ್ಲೇ ಇರ್ರಿ, ಇದೇ ಬಾಡಿಗಿ. ಸಾವಕಾರಗೂ ಹೇಳ್ತೇವಿ. ನನ್ನ ಮಕ್ಕಳ..."

"ಆಣಿ ಬ್ಯಾಡ್ರಿ," ಅಜೀಜಾಬಿ ಕೈ ಅಡ್ಡ ಮಾಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ. "ಬರದು ಕೊಡ್ರಿ."

ಮಹೆಕ ನೋಟ್‌ಬುಕ್ಕಿನ ಹಾಳೆ ಹರಿದು, ಪೆನ್ನಿನ ಜೊತೆ ಮುಂದಿಟ್ಟಳು. ಶಿವಕಾಂತಾ ನೆಲದ ಮೇಲೆ ಬಾಗಿ ಐದು ಸಾಲು ಬರೆದಳು, ಕೆಳಗೆ ಹೆಸರು ಹಾಕಿದಳು. ಹುಡುಗಿ ಅದನ್ನು ತಾಯಿಗೆ ಗಟ್ಟಿಯಾಗಿ ಓದಿ ಹೇಳಿದಳು.

"ತಾರೀಖ ಇಲ್ಲ, ಅಮ್ಮಿ."

ಹಾಳೆ ಮರಳಿ ಬಂತು. ಶಿವಕಾಂತಾ ತಾರೀಖು ಹಾಕಿದಳು. ಅಜೀಜಾಬಿ ಅದನ್ನು ನಾಲ್ಕು ಮಡಿಕೆ ಮಾಡಿ ಮಷೀನಿನ ಖಾನೆಯಲ್ಲಿಟ್ಟಳು. ದಾರದ ಉಂಡೆ, ಸೂಜಿಗಳನ್ನಿಟ್ಟು ಸದಾ ತೆರೆದೇ ಬಿಡುತ್ತಿದ್ದ ಆ ಖಾನೆಗೆ ಈಗ ಶಿವಕಾಂತಾಳ ಎದುರೇ ಕೀಲಿ ಹಾಕಿದಳು.