ಬಾಗಿಲ ತನಕ ಹೋಗಿ ಬಾ

ಟಕ್, ಟಕ್, ಟಕ್, ನಾಲ್ಕನೆಯದು ಮೆತ್ತಗೆ— ಮತ್ತೆ ಟಕ್, ಟಕ್, ಟಕ್, ಮೆತ್ತಗೆ— ಕಿಟಕಿಯಿಂದ ಬಗ್ಗಿ ನೋಡಬೇಕಾಗಿಯೇ ಇಲ್ಲ, ಮಾರ್ಕೆಟ್ಟಿನಿಂದ ಮೂಟೆ ಹೇರಿಕೊಂಡು ಬರುತ್ತಿರುವ ಜಟಕಾ, ಹಿಂದಿನ ಎಡಗಾಲು, ಲಾಳದ ಮೊಳೆ ಒಳಗೆ ಒತ್ತುತ್ತಿದೆ, ಭಾರ ಊರುವುದಕ್ಕೆ ಹೆದರುತ್ತಿದೆ ಪಾಪದ ಪ್ರಾಣಿ, ಚಾಮರಾಜಪೇಟೆಯ ಈ ಮಹಡಿ ಆಫೀಸಿನಲ್ಲಿ ಕೂತು ಬೀದಿಯಲ್ಲಿ ಹೋಗುವ ಕುದುರೆಯ ಕಾಲಿನ ಕಥೆಯನ್ನು ಕಿವಿಯಲ್ಲೇ ಹೇಳಬಲ್ಲೆ, ಬದರೀನಾರಾಯಣನ ಕಣ್ಣು ತಪ್ಪಲ್ಲ, ಕಿವಿಯೂ ತಪ್ಪಲ್ಲ, ಈ ಮಾತು ಕೇಳಿ ಕೇಳಿ ಉಬ್ಬಿದವನು ನಾನು, ನಿನ್ನೆ ಭಾನುವಾರ ಬೆಳಿಗ್ಗೆಯವರೆಗೂ ಉಬ್ಬಿಕೊಂಡೇ ಇದ್ದೆ, ಇವತ್ತು ಈ ಕಣ್ಣನ್ನು ತೆಗೆದು ಎಲ್ಲಿ ಬಚ್ಚಿಡಲಿ ಅನ್ನಿಸುತ್ತಿದೆ, ನಾಚಿಕೆ, ಬರೀ ನಾಚಿಕೆ, ಬೆಳಿಗ್ಗೆ ಗಡ್ಡ ಹೆರೆಯುವಾಗ ಕನ್ನಡಿಯಲ್ಲಿ ಮುಖ ನೋಡಿಕೊಳ್ಳಲಾಗದೆ ಕೆನ್ನೆ ಕುಯ್ದುಕೊಂಡೆ— ಸಾಮಿ, ಮಾರಕ್ಕಂಗೆ ಈ ಸಲ ಯಾರು, ಅಂತ ಮುನಿರಾಮಪ್ಪ ಕೇಳುತ್ತಿದ್ದಾನೆ, ಆಗಲೇ ಒಂದು ಸಲ ಕೇಳಿಯಾಗಿದೆ, ನಮ್ಮ ಕುದುರೆ ಫಾರಮ್ಮಿನ ಹಿರಿಯ ಸೈಸ, ಕುದುರೆಗಳ ಚಾಕರಿಯವನು, ಬೆಳಗಿನ ಬಸ್ಸಿಗೆ ಬಂದು ಎದುರಿನ ಸ್ಟೂಲಿನ ಮೇಲೆ ಕೂತಿದ್ದಾನೆ, ಪ್ರತಿ ಡಿಸೆಂಬರಿನಲ್ಲೂ ಹೀಗೆ ಇಬ್ಬರೂ ಕೂರುತ್ತೇವೆ, ಫೆಬ್ರವರಿಯಲ್ಲಿ ಕುದುರೆ ಕೂಡಿಸುವ ಕಾಲ ಶುರುವಾಗುವ ಮುಂಚೆ ಯಾವ ಹೆಣ್ಣಿಗೆ ಯಾವ ಗಂಡು ಅಂತ ತೀರ್ಮಾನ ಆಗಬೇಕು, ಸಂಜೆ ಯಜಮಾನರು ಬಂದಾಗ ಹೇಳಬೇಕು, ಅವರು ಹೂಂ ಅಂದರೆ ಆಯಿತು.

ಮಾರಕ್ಕ ಅಂದರೆ ಲೇಡಿ ಮಾರ್ಗರೆಟ್, ಇಂಗ್ಲಿಷ್ ಹೆಸರು ನಾಲಿಗೆಗೆ ಹೊರಳದೆ ಸೈಸರು ಇಟ್ಟುಕೊಂಡ ಹೆಸರು, ಕಂದು ಮೈ, ಹಣೆಯಲ್ಲಿ ಬಿಳಿ ಪಟ್ಟೆ, ಮುಂದಿನ ಬಲಗಾಲು ಮಂಡಿಯ ಕೆಳಗೆ ಹೊರಕ್ಕೆ ತಿರುಗಿದೆ, ಹುಟ್ಟಿದಾಗಿನಿಂದ ಹಾಗೇ, ರೇಸಿನಲ್ಲಿ ಓಡಲೇ ಇಲ್ಲ, ಯಜಮಾನರು ಪ್ರತಿ ವರ್ಷ ಇದನ್ನ ಮಾರಿಬಿಡೋಣ ಕಣ್ರೀ ಅಂತಾರೆ, ಪ್ರತಿ ವರ್ಷ ನಾನು ಅಡ್ಡ ನಿಲ್ಲುತ್ತೇನೆ, ಸಾರ್ ಎದೆ ನೋಡಿ, ಇದರ ತಾಯಿ ಕಡೆಯವರ ಓಟ ನೋಡಿ, ಕಾಲು ನೆಟ್ಟಗಿರೋ ಗಂಡನ್ನ ಕೊಟ್ರೆ ಮರಿಗೆ ಸರಿಹೋಗತ್ತೆ, ಅಂತ ಗಂಟಲು ಹರಿಯುವ ಹಾಗೆ ವಾದಿಸುತ್ತೇನೆ, ಅಷ್ಟೇ ನನ್ನ ಕಸುಬು, ಕುಂದಿಲ್ಲದ ಹೆಣ್ಣೂ ಇಲ್ಲ, ಕುಂದಿಲ್ಲದ ಗಂಡೂ ಇಲ್ಲ, ಇದರ ಕಡಿಮೆಯನ್ನು ಅದರ ಹೆಚ್ಚಿನಿಂದ ತುಂಬಿಸಬೇಕು, ಗಿಡ್ಡ ಕತ್ತಿನದಕ್ಕೆ ಉದ್ದ ಕತ್ತಿನದು, ಸಿಡುಕಿನದಕ್ಕೆ ಸಮಾಧಾನದ್ದು, ಎರಡರ ಹಿಂದೆಯೂ ಒಂದೇ ಅಜ್ಜ ತೀರ ಹತ್ತಿರ ಬಂದರೆ ಬೇಡ, ನಮ್ಮ ಸಗೋತ್ರದ ಹಾಗೇ ಸಾರ್, ಅಂತ ಯಜಮಾನರ ಸ್ನೇಹಿತರನ್ನೆಲ್ಲ ಎಷ್ಟು ಸಲ ನಗಿಸಿದ್ದೇನೆ, ಅರಮನೆ ಲಾಯದ ಗುಮಾಸ್ತೆಯ ಮಗ, ಬಸವನಗುಡಿ ಬ್ರಾಹ್ಮಣ, ಕುದುರೆಗೆ ಗೋತ್ರ ಹೇಳುತ್ತಾನೆ ಅಂತ ಅವರಿಗೆ ತಮಾಷೆ, ನನಗೆ ಹೆಮ್ಮೆ, ಕುದುರೆಯೊಂದರ ಸೊಟ್ಟ ಕಾಲಿನ ಪರವಾಗಿ ಇಷ್ಟು ಮಾತಾಡುವ ಬಾಯಿ ನಿನ್ನೆ ಎನ್.ಆರ್. ಕಾಲೋನಿಯ ವೆಂಕಟಾಚಲ ಅವರ ನಡುಮನೆಯಲ್ಲಿ ಏನು ಮಾಡಿತು, ಅದನ್ನು ಯಾರಿಗೆ ಹೇಳಲಿ, ಮುನಿರಾಮಪ್ಪನಿಗೆ ಹೇಳಲೇ, ಅವನು ತಲೆ ಕೆರೆದುಕೊಂಡು, ಕರ್ನಲ್ಲನ್ನೇ ಬಿಡಾನ ಬಿಡಿ ಸಾಮಿ, ಕಾಲು ಕಂಬ್ದಂಗವೆ, ಅಂತಾನೆ, ನಮ್ಮ ಹಳೆಯ ಬೂದು ಗಂಡು, ಹೂಂ ಕಣಯ್ಯಾ ಕರ್ನಲ್ಲೇ ಸರಿ ಅನ್ನುತ್ತೇನೆ, ಅನ್ನುವಾಗಲೇ ಕಣ್ಣ ಮುಂದೆ ಆ ಹಿಮ್ಮಡಿ, ಕೆಂಪು ನೆಲ, ಹಿಮ್ಮಡಿಗೂ ನೆಲಕ್ಕೂ ನಡುವೆ ಒಂದು ಬೆರಳಿನಷ್ಟು ಸಂದು.

ನನ್ನನ್ನು ಕರೆದುಕೊಂಡು ಹೋದವಳು ಕಾವೇರಿ, ನನ್ನ ತಂಗಿ, ಅವಳ ಮಗ ಪ್ರಹ್ಲಾದನಿಗೆ ಹೆಣ್ಣು ನೋಡುವುದಕ್ಕೆ, ಅವನಿಗೆ ಅಪ್ಪ ಇಲ್ಲ, ಸೋದರಮಾವನೇ ಹಿರಿಯ, ಅಣ್ಣಾ ನೀನೂ ಬಂದ್ಬಿಡು, ನಿನ್ ಕಣ್ಣಿಗೆ ಬೀಳದೇ ಇರೋದು ಏನಿದೆ, ಅಂದಳು ನಗುತ್ತ, ನಾನೂ ಗರಿಮುರಿ ಪಂಚೆ ಉಟ್ಟು ಹೊರಟೆ, ಒಳ್ಳೆ ಮನೆ, ತಿಕ್ಕಿ ತಿಕ್ಕಿ ಮಿರುಗುವ ಕೆಂಪು ಗಾರೆ ನೆಲ, ಕೇಸರಿಬಾತು, ಉಪ್ಪಿಟ್ಟು, ಹುಡುಗಿಯ ತಾಯಿ ಶೈಲಜಮ್ಮ ಅಡಿಗೆಮನೆ ಬಾಗಿಲಲ್ಲಿ ಅರ್ಧ ಕಾಣುತ್ತ ನಿಂತಿದ್ದರು, ಕುರ್ಚಿಗಳನ್ನೆಲ್ಲ ಒಳಬಾಗಿಲಿನ ಹತ್ತಿರಕ್ಕೆ ಎಳೆದು ಹಾಕಿದ್ದರು, ಹುಡುಗಿ ಕೂರುವ ಚಾಪೆ ಹೊಸಿಲಿನ ಪಕ್ಕದಲ್ಲೇ, ಬೀದಿ ಬಾಗಿಲ ಕಡೆ ಅಷ್ಟು ದೊಡ್ಡ ಜಾಗ ಖಾಲಿ, ಯಾಕೆ ಹೀಗೆ ಅಂತ ಅಲ್ಲೇ ನನ್ನ ತಲೆ ಎದ್ದು ಕೂತಿತು, ಲಾಯದವರು ಕುಂಟುವ ಕುದುರೆಯನ್ನು ನಿಲ್ಲಿಸಿಯೇ ತೋರಿಸುತ್ತಾರಲ್ಲ, ನಡೆಸುವುದಿಲ್ಲವಲ್ಲ, ಹುಡುಗಿ ಕಾಫಿ ತಂದಳು, ಚೂಡಾಮಣಿ, ಕನ್ನಡ ಶಾಲೆಯಲ್ಲಿ ಮೇಡಂ, ಮೂರನೇ ಕ್ಲಾಸಿನವ್ರಿಗೆ ಪಾಠ ಮಾಡ್ತೀನಿ ಅಂದಳು ಪ್ರಹ್ಲಾದ ಕೇಳಿದ್ದಕ್ಕೆ, ಗಲಾಟೆ ಮಾಡಲ್ವಾ ಅಂದ, ಮಾಡ್ದೆ ಇದ್ರೆ ಜ್ವರ ಇದೆಯಾ ಅಂತ ಮುಟ್ಟಿ ನೋಡ್ತೀನಿ ಅಂದಳು, ಅವನು ನಕ್ಕ, ನಾನು ಆ ನಗುವನ್ನು ನೋಡಲಿಲ್ಲ, ನಾನು ನೋಡುತ್ತಿದ್ದದ್ದು ಸೀರೆಯ ಅಂಚಿನ ಕೆಳಗೆ, ಅವಳು ಬಂದು ಕೂರುವಷ್ಟರಲ್ಲೇ ಕಂಡುಬಿಟ್ಟಿತ್ತು, ಬಲಗಾಲಿನ ಹಿಮ್ಮಡಿ ನೆಲ ಮುಟ್ಟಲಿಲ್ಲ, ಆಗ ಒಳಗೊಳಗೇ ಖುಷಿಯಾಯಿತು— ಇದನ್ನೇ ತಡೆಯಲಾರೆ— ಸಿಕ್ಕಿತು ಅಂತ ಖುಷಿಯಾಯಿತು ನನಗೆ, ಏನಮ್ಮಾ, ಆ ಬೀದಿ ಬಾಗಿಲ ತನಕ ಹೋಗಿ ಬಾ, ಅಂದೆ, ಅವಳು ಅಪ್ಪನ ಮುಖ ನೋಡಿದಳು, ವೆಂಕಟಾಚಲ ಲೋಟದೊಳಗಿನ ಕಾಫಿ ನೋಡುತ್ತಿದ್ದರು, ಅವಳು ಏಳುವುದು ತಡವಾಯಿತು, ತಡವಾದದ್ದಕ್ಕೆ ನನ್ನ ನಾಲಿಗೆ, ನನ್ನನ್ನು ಕೇಳದೆ, ಅಂಗುಳಿಗೆ ಬಡಿದು ಟ್ಲಕ್ ಟ್ಲಕ್ ಅಂದಿತು, ಕುದುರೆಗೆ ಹೊರಡು ಅನ್ನುವ ಸದ್ದು, ದಿನಕ್ಕೆ ಎಷ್ಟು ಸಲ ಮಾಡುತ್ತೇನೋ ಆ ಸದ್ದು, ಅವಳು ಎದ್ದಳು, ಹೊರಟಳು, ಬಾಗಿಲ ತನಕ ಹೋದಳು, ತಿರುಗಿದಳು, ಬಂದಳು, ಬಲಗಾಲು, ಹಿಮ್ಮಡಿ ಊರ್ತಿಲ್ಲ, ಎಷ್ಟು ದಿನದಿಂದ, ಅಂತ ಕೇಳಿದೆ, ಅವಳನ್ನಲ್ಲ, ಅವಳ ಅಪ್ಪನನ್ನು, ಸೈಸನನ್ನು ಕೇಳುವ ಹಾಗೆ, ಮಗುವಾಗಿದ್ದಾಗ ಪೋಲಿಯೋ ಬಂದಿತ್ತು, ಹೇಳ್ಬೇಕು ಅಂತ್ಲೇ ಇದ್ವಿ, ಅಂದರು ವೆಂಕಟಾಚಲ, ಅಡಿಗೆಮನೆಯಲ್ಲಿ ನಲ್ಲಿ ಬಿಟ್ಟ ಸದ್ದು, ಪಾತ್ರೆಯಿಲ್ಲದೆ ಸುಮ್ಮನೆ ಹರಿಯುವ ನೀರಿನ ಸದ್ದು, ತಿಳಿಸ್ತೀವಿ ಅಂತ ಕಾವೇರಿ ಎದ್ದಳು, ಆಟೋದಲ್ಲಿ ನನ್ನ ತೋಳು ಹಿಡಿದುಕೊಂಡು, ನಿನ್ನ ಕರ್ಕೊಂಡು ಹೋಗಿದ್ದೇ ಒಳ್ಳೇದಾಯ್ತು ಕಣೋ ಅಣ್ಣಾ, ಅಂದಳು, ಪ್ರಹ್ಲಾದ ಡ್ರೈವರಿನ ಬೆನ್ನು ನೋಡುತ್ತ ಕೂತಿದ್ದ.

ಇವತ್ತು ಮಧ್ಯಾಹ್ನ ಅವನೇ ಬಂದ, ಬ್ಯಾಂಕಿನಿಂದ ಊಟದ ಬಿಡುವಿನಲ್ಲಿ, ಬೆವರಿದ್ದ, ಮುನಿರಾಮಪ್ಪ ಬೀಡಿ ಸೇದಿ ಬತ್ತೀನಿ ಅಂತ ಕೆಳಗೆ ಹೋದ, ಕೂತ್ಕೋ ಅಂದೆ, ಕೂರಲಿಲ್ಲ, ಮಾವ ನಂಗೆ ಹುಡುಗಿ ಒಪ್ಪಿಗೆ, ಅಂದ, ಕಾಲು ನಾನೂ ನೋಡಿದ್ದೆ ಮಾವ, ನಿಮಗಿಂತ ಮುಂಚೆನೇ ನೋಡಿದ್ದೆ, ಆಮೇಲೆ ಅಮ್ಮಂಗೆ ಮೆಲ್ಲಗೆ ಹೇಳೋಣ ಅಂತಿದ್ದೆ, ಈಗ ಅಮ್ಮ, ಅಣ್ಣನೇ ಹೇಳಿದ ಮೇಲೆ ಮುಗೀತು, ಅಂತಾಳೆ, ಅಲ್ಲಿ ಹುಡುಗಿ ಮನೆಯವರು ತುಮಕೂರಿನ ಕಡೆ ಎರಡನೇ ಸಂಬಂಧಕ್ಕೆ ನಾಳೆ ಮಾತು ಕೊಟ್ಬಿಡ್ತಾರಂತೆ, ಸಂಬಂಧ ತಂದವರು ಹೇಳಿದ್ರು, ದೊಡ್ಡ ದೊಡ್ಡ ಮಕ್ಕಳಿರೋ ಮನುಷ್ಯ, ನೀವು ನಡೆಸಿ ನೋಡಿದ ಮೇಲೆ ಅವರಪ್ಪಂಗೆ ಧೈರ್ಯವೇ ಹೋಗಿದೆ, ನೀವೇ ಏನಾದ್ರೂ ಮಾಡ್ಬೇಕು, ಅಂದ, ಬೈದಿದ್ದರೆ ಚೆನ್ನಾಗಿತ್ತು, ಬೈಯಲಿಲ್ಲ, ನಾನು ಅವನನ್ನೇ ನೋಡುತ್ತ ಏನು ಯೋಚಿಸಿದೆ, ಹುಡುಗನ ಕಾಲು ನೆಟ್ಟಗಿದೆ, ಎದೆ ಅಗಲ, ಸ್ವಭಾವ ತಣ್ಣಗೆ, ಪೋಲಿಯೋ ರಕ್ತದ್ದಲ್ಲ, ಮರಿಗೆ ಬರುವುದಿಲ್ಲ, ಜೋಡಿ ಸರಿಯಾಗಿದೆ, ಅಂತ, ಮರಿ ಅಂತಲೇ ಅಂದುಕೊಂಡೆ, ಅಯ್ಯೋ ದೇವರೇ, ಒಳ್ಳೆಯದು ಮಾಡಹೊರಟರೂ ನನ್ನ ತಲೆಗೆ ಲಾಯದ ಬಾಗಿಲು ಬಿಟ್ಟು ಬೇರೆ ಬಾಗಿಲಿಲ್ಲ, ಎದ್ದು ಕಾವೇರಿಯ ಪಕ್ಕದ ಮನೆಗೆ ಫೋನು ಮಾಡಿ ಕರೆಸಿದೆ, ಹುಡುಗಿ ಪರವಾಗಿಲ್ಲ ಕಣೇ, ಮಾಡ್ಕೊಳ್ಳೋಣ ಅಂದೆ, ಅಷ್ಟು ಜನದ ಮುಂದೆ ಎತ್ತಿ ಆಡಿದೋನು ನೀನು, ಇವತ್ತು ಪರವಾಗಿಲ್ಲ ಅಂತೀಯಾ, ಅಂದಳು, ಕಾಲಿನದು ಏನೂ ಇಲ್ಲ ಕಣೇ, ತಪ್ಪು ನಂದು, ಅಂದೆ, ಫೋನಿನ ಆ ಕಡೆ ಯಾರದೋ ಮನೆಯ ಕುಕ್ಕರ್ ಕೂಗಿತು, ನನ್ನ ಮಗನೂ ಬೆಳಿಗ್ಗೆಯಿಂದ ತಿಂಡಿ ಮುಟ್ಟಿಲ್ಲ, ಆಗ್ಲಿ, ಆದ್ರೆ ನೀನೇ ಹೋಗಿ ಕೇಳು, ನಂಗೆ ಆ ಮನೆ ಮೆಟ್ಟಿಲು ಹತ್ತೋಕೆ ಮುಖ ಇಲ್ಲ, ಅಂದಳು, ನನಗೆ ಇದೆಯೇ ಅಂತ ಅವಳು ಕೇಳಲಿಲ್ಲ.

ಯಜಮಾನರು ಬಂದ್ರೆ ಮಾರಕ್ಕಂಗೆ ಕರ್ನಲ್ಲು ಅಂತ ಹೇಳು, ಮಿಕ್ಕಿದ್ದು ನಾಳೆ ಅಂದೆ ಮುನಿರಾಮಪ್ಪನಿಗೆ, ನಾನೇನ್ ಹೇಳ್ಲಿ ಸಾಮಿ, ಬಯ್ತಾರೆ, ಅಂದ, ಬಯ್ಯಲಿ, ಶಾಲೆ ಬಿಡುವ ಹೊತ್ತು ನೋಡಿಕೊಂಡು ಬಸ್ಸು ಹತ್ತಿದೆ, ಗಾಂಧಿ ಬಜಾರಿನಲ್ಲಿ ಇಳಿದರೆ ಬೀದಿಯುದ್ದಕ್ಕೂ ಅವರೆಕಾಯಿಯ ರಾಶಿ, ಸೊಗಡಿನ ವಾಸನೆ ಮೂಗಿಗೆ ಅಡರುತ್ತದೆ, ಹೂವಿನವಳ ಹತ್ತಿರ ಮಲ್ಲಿಗೆ ತೆಗೆದುಕೊಳ್ಳಲೇ ಅಂದುಕೊಂಡೆ, ಯಾವ ಮುಖ ಹೊತ್ತು ಕೊಡಲಿ, ಬಿಟ್ಟೆ, ನಡೆಯುತ್ತ ಮಾತು ಜೋಡಿಸಿದೆ, ಚೂಡಾಮಣಿ, ನಿನ್ನೆ ನಾನು ಮಾಡಿದ್ದು ಮನುಷ್ಯರು ಮಾಡೋ ಕೆಲಸ ಅಲ್ಲಮ್ಮಾ, ನನ್ನನ್ನ ಕ್ಷಮಿಸ್ಬೇಕು— ಕ್ಷಮಿಸ್ಬಿಡು— ತಪ್ಪಾಯ್ತು ತಾಯಿ— ಯಾವುದನ್ನು ಹೇಳಿದರೂ ಬಾಯಲ್ಲಿ ಕಲ್ಲು ಸಿಕ್ಕಿದ ಹಾಗೆ, ಈ ವಯಸ್ಸಿನವರೆಗೆ ಯಾರ ಹತ್ತಿರವೂ ಆ ಮಾತು ಆಡಿಲ್ಲ ನಾನು, ಹೆಂಡತಿಯ ಹತ್ತಿರವೂ, ಕಣ್ಣು ಮಾತ್ರ ತನ್ನ ಪಾಡಿಗೆ ಎದುರಿಗೆ ಬರುವವರ ಕಾಲನ್ನೇ ನೋಡುತ್ತಿದೆ, ಈಕೆಗೆ ಮಂಡಿ ಒಳಕ್ಕೆ, ಈತನಿಗೆ ಸೊಂಟ ಹಿಡಿದಿದೆ, ಮುಚ್ಚಿಕೋ ಅಂತ ಬೈದುಕೊಂಡು ತಲೆಯೆತ್ತಿ ಮರಗಳನ್ನು ನೋಡುತ್ತ ನಡೆದೆ, ಬುಲ್ ಟೆಂಪಲ್ ರೋಡಿನಲ್ಲಿ ಸೈಕಲ್ಲಿನವನೊಬ್ಬ ಬೈದು ಹೋದ.

ವೆಂಕಟಾಚಲ ಬಾಗಿಲು ತೆಗೆದರು, ಬನ್ನಿ ಅಂದರು, ಬರಬೇಡಿ ಅನ್ನುವುದು ಗೊತ್ತಿಲ್ಲದ ಜನ, ಕುರ್ಚಿಗಳು ಗೋಡೆಗೆ ವಾಪಸ್ ಹೋಗಿವೆ, ನಡುಮನೆಯಲ್ಲಿ ಅವಳು ಬೋಗುಣಿ ಮುಂದಿಟ್ಟುಕೊಂಡು ನೆನೆದ ಅವರೆಕಾಳು ಹಿದುಕುತ್ತಿದ್ದಾಳೆ, ಬೆರಳ ಸಂದಿಯಿಂದ ಬೇಳೆ ಪುಳಕ್ಕನೆ ಬೋಗುಣಿಗೆ ಬೀಳುತ್ತದೆ, ನನ್ನನ್ನು ನೋಡಿದಳು, ಬೆರಳು ನಿಂತಿತು, ಈಗ ಹೇಳಬೇಕು, ಮೊದಲು ತಪ್ಪಾಯ್ತು, ಆಮೇಲೆ ಮಿಕ್ಕಿದ್ದು, ಬಾಯಿ ತೆರೆದರೆ ಬಂದದ್ದು ಸುಲಭದ್ದು, ನಮ್ಮ ಹುಡುಗ ಒಪ್ಪಿದಾನೆ, ಕಾವೇರಿನೂ ಹೂಂ ಅಂದಿದಾಳೆ, ನಿಮ್ಮ ಅಭಿಪ್ರಾಯ ಕೇಳ್ಕೊಂಡು ಹೋಗೋಣ ಅಂತ ಬಂದೆ, ಅಂದುಬಿಟ್ಟೆ, ವರನ ಕಡೆಯ ಹಿರಿಯನ ಗತ್ತಿನಲ್ಲೇ ಅಂದುಬಿಟ್ಟೆ, ವೆಂಕಟಾಚಲ ಗೋಡೆ ಹಿಡಿದುಕೊಂಡರು, ಶೈಲಜಮ್ಮ ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ಬಂದು, ನಿಮ್ಮಿಂದ ದೊಡ್ಡ ಉಪಕಾರ ಆಯ್ತು, ಕೂತ್ಕೊಳ್ಳಿ, ಕಾಫಿ ತರ್ತೀನಿ, ಅಂತಾರೆ, ಉಪಕಾರ, ನನಗೆ ಕೈ ಮುಗಿಯುತ್ತಾರೆ, ನೆಲ ಬಾಯಿ ಬಿಟ್ಟರೆ ಇಳಿದುಬಿಡುತ್ತಿದ್ದೆ, ಚೂಡಾಮಣಿ ಬೋಗುಣಿ ಪಕ್ಕಕ್ಕೆ ಸರಿಸಿದಳು, ಒದ್ದೆ ಕೈಯನ್ನು ಬಟ್ಟೆಗೆ ಒರೆಸಿದಳು, ಎದ್ದಳು, ಹಾಗಾದ್ರೆ ಇನ್ನೊಂದ್ಸಲ ಸರಿಯಾಗಿ ನೋಡ್ಬಿಡಿ ಸಾರ್, ಇನ್ನೂ ಬೆಳಕಿದೆ, ಆಮೇಲೆ ಹೇಳ್ಲಿಲ್ಲ ಅಂತ ಆಗ್ಬಾರ್ದು, ಅಂದಳು, ಕೋಪವಿಲ್ಲ, ಕೊಂಕಿಲ್ಲ, ಮೂರನೇ ಕ್ಲಾಸಿನ ಮಕ್ಕಳಿಗೆ ಲೆಕ್ಕ ಹೇಳಿಕೊಡುವ ದನಿ, ಸೀರೆಯನ್ನು ಕಣಕಾಲಿನ ಮೇಲಕ್ಕೆ ಒಂದಿಷ್ಟು ಎತ್ತಿ ಹಿಡಿದಳು, ನನಗೆ ಚೆನ್ನಾಗಿ ಕಾಣಲಿ ಅಂತ, ಹೊರಟಳು, ಯಾರೂ ಆ ಸದ್ದು ಮಾಡಲಿಲ್ಲ, ಅದಿಲ್ಲದೆಯೇ ಹೊರಟಳು, ಬೇಡಮ್ಮಾ, ನಾನು ನೋಡೋಕೆ ಬಂದಿಲ್ಲ, ಕೂತ್ಕೋ ತಾಯಿ, ಅನ್ನಬೇಕು, ಈಗಲಾದರೂ ಅನ್ನಬೇಕು, ನಾಲಿಗೆ ಅಂಗುಳಿಗೆ ಅಂಟಿಕೊಂಡಿದೆ, ಬಿಡಿಸಿದರೆ ಎಲ್ಲಿ ಮತ್ತೆ ಅದೇ ಟ್ಲಕ್ ಅನ್ನುತ್ತದೋ ಅಂತ ಭಯವಾಗುತ್ತಿದೆ, ಅವಳು ನಡೆಯುತ್ತಿದ್ದಾಳೆ, ಕಣ್ಣು, ಹಾಳು ಕಣ್ಣು, ಕೆಳಗೆ ಇಳಿಯಿತು, ತಪ್ಪು ಹಿಮ್ಮಡಿಯದ್ದಲ್ಲ, ಸೊಂಟದಿಂದ ಎಳೆಯುತ್ತಿದೆ, ಅಂತ ತೂಗಿ ಹೇಳುತ್ತಿದೆ, ನಿಲ್ಲಿಸು ಅಂದರೆ ನಿಲ್ಲಿಸುತ್ತಿಲ್ಲ, ಬಾಗಿಲ ತನಕ ಹೋದಳು, ತಿರುಗಿದಳು, ಬಲಗಾಲು ಮುಂದಿಟ್ಟಳು, ಬೀದಿಯ ಬೆಳಕು ಅವಳ ಬೆನ್ನ ಹಿಂದಿನಿಂದ ನೆಲದ ಮೇಲೆ ಹರಿದು ಬರುತ್ತಿದೆ, ಹಿಮ್ಮಡಿ, ಕೆಂಪು ನೆಲ, ನಡುವೆ ಒಂದು ಬೆರಳಿನಷ್ಟು ಸಂದು, ಆ ಸಂದಿನಲ್ಲಿ ಬೆಳಕು, ಹಿಮ್ಮಡಿ, ನೆಲ, ಸಂದು—