ಡಾಕ್ಟರ ಹುಳದ ಉಲ್ಟಾ ಸುತ್ತು

"ಗಾಳಕ್ಕೆ ಹುಳ ಕಟ್ಟೋನ ತಲೇಲೂ ಹುಳಾನೇ ಇರೋದು ಅಂತ ಇವತ್ತು ಗೊತ್ತಾಯ್ತು ನೋಡಿ," ಎಂದು ಗಾಳಗಾರರ ಸಂಘದ ಕಾರ್ಯದರ್ಶಿ ಮೈಕಿನಲ್ಲೇ ಹೇಳಿದ. ಹೇಳಿ, ನಗುವವರಿಗೆ ಅನುಕೂಲವಾಗಲೆಂದು ಸ್ವಲ್ಪ ಹೊತ್ತು ಬಿಟ್ಟ.

ಸಭಾಂಗಣ ನಕ್ಕಿತು. ಮುಂದಿನ ಸಾಲಿನ ಸೂಟುಗಳು ಹೊಟ್ಟೆ ಕುಲುಕಿಸಿ ನಕ್ಕವು. ಹಿಂದಿನ ಸಾಲಿನಲ್ಲಿ ಕೂತಿದ್ದ, ಕಾರ್ಖಾನೆಯ ಬೆಂಚಿನಲ್ಲಿ ಹುಳ ಕಟ್ಟುವವರು ಮೊದಲು ಸುಮ್ಮನಿದ್ದರು, ಯಜಮಾನ ತಿರುಗಿ ನೋಡಿದ ಮೇಲೆ ಅವರೂ ನಕ್ಕರು. ನಗದೆ ಉಳಿದವರು ಮೂರೇ ಜನ. ಎದ್ದು ನಿಂತಿದ್ದ ಸಿಡುಕ, ಅವನ ಅಂಗಿಯ ತುದಿ ಹಿಡಿದು ಎಳೆಯುತ್ತಿದ್ದ ಅಕ್ಕ, ಅಕ್ಕನ ಪಕ್ಕದಲ್ಲಿ ಶಾಲು ಹೊದ್ದು ಕೂತಿದ್ದ ಅಮ್ಮ.

ಸಿಡುಕ ಎಂಬುದು ಬೆಂಚಿನವರು ಇಟ್ಟ ಹೆಸರು. ಬೇರೆಯವರಿಗೆ ಕೋಪ ಮೂಗಿನ ತುದಿಯಲ್ಲಿದ್ದರೆ ಇವನಿಗೆ ಮೂಗಿನಿಂದ ಒಂದು ಗೇಣು ಮುಂದೆಯೇ ಇರುತ್ತದೆ ಎಂದು ಅವರ ಲೆಕ್ಕ. ಏಳನೇ ತರಗತಿಯಲ್ಲಿ ಮೇಷ್ಟ್ರ ಕೈಯಿಂದ ಕೋಲು ಕಿತ್ತು ಮುರಿದು, ಶಾಲೆಗೆ ಬೆನ್ನು ಹಾಕಿ ಬಂದವನು ಅವನು. ಬಂದು ಕೂತದ್ದು ಅಮ್ಮ ಕೂರುತ್ತಿದ್ದ ಬೆಂಚಿನಲ್ಲೇ. ಅದಾಗಿ ಹನ್ನೊಂದು ವರ್ಷ.

ಆ ಬೆಂಚಿನ ಕಸುಬೆಂದರೆ ಮೀನಿಗೆ ಮೋಸ ಮಾಡುವುದು. ಉಗುರಿಗಿಂತ ಚಿಕ್ಕ ಗಾಳವನ್ನು ಮೇಜಿನ ಮೇಲಿನ ಪುಟ್ಟ ಇಕ್ಕಳ, ಅಂದರೆ ವೈಸಿನ ಬಾಯಿಗೆ ಕಚ್ಚಿಸಬೇಕು. ಅದರ ಮೈಗೆ ದಾರ ಸುತ್ತಿ, ಮೊಲದ ಕಿವಿಯ ಕೂದಲು ಹೊಸೆದು, ಕೋಳಿಯ ಕತ್ತಿನ ಕಂದು ಗರಿ ಕಟ್ಟಿ, ನೀರ ಮೇಲೆ ಬಿದ್ದ ಹುಳದಂತೆ ಕಾಣಿಸಬೇಕು. ಮೀನಿಗೆ ಅದು ಊಟ, ದೊಡ್ಡ ಮನುಷ್ಯರಿಗೆ ಅದು ಆಟ. ಪ್ರತಿ ಹುಳಕ್ಕೂ ಒಂದು ಹೆಸರು, ಪ್ರತಿ ಹೆಸರಿನ ಹಿಂದೆ ಒಬ್ಬ ಗಣ್ಯ. ಜಡ್ಜ್ ಹುಳ, ಕರ್ನಲ್ ಹುಳ, ಬ್ಯಾಂಡ್ ಮಾಸ್ತರ್ ಹುಳ. ಕಟ್ಟಿದವರ ಹೆಸರಿನಲ್ಲಿ ಮಾತ್ರ ಒಂದು ಹುಳವೂ ಇಲ್ಲ. ಎಲ್ಲಕ್ಕಿಂತ ಹೆಚ್ಚು ಖರ್ಚಾಗುವುದು ಡಾಕ್ಟರ ಹುಳ. ಡಾಕ್ಟರೆಂದರೆ ಹಲ್ಲಿನ ಡಾಕ್ಟರು, ಗಾಳಗಾರರ ಸಂಘದ ಹಿರಿಯರು, ಈಗ ಎಂಬತ್ತು ದಾಟಿದವರು. ಅವತ್ತು ವೇದಿಕೆಯ ನಡುವಿನ ಕುರ್ಚಿ ಅವರದೇ.

ಹುಳಕ್ಕೆ ಮೂವತ್ತು ವರ್ಷ ತುಂಬಿದ ಸಂಭ್ರಮವದು. ಮೂವತ್ತು ವರ್ಷದ ಹಿಂದೆ ಕಟ್ಟಿದ ಮೊದಲ ಹುಳ ಗೋಡೆಯ ಗಾಜಿನ ಪೆಟ್ಟಿಗೆಯಲ್ಲಿ, ಬಿಳಿ ಬಟ್ಟೆಯ ಮೇಲೆ ಮಲಗಿತ್ತು. ಪೆಟ್ಟಿಗೆಯ ಕೆಳಗೆ ಹಾಕಲು ಹಿತ್ತಾಳೆಯ ಫಲಕವೊಂದು ಸಿದ್ಧವಾಗಿ ಬಂದಿತ್ತು. ಚಹಾದ ಹೊತ್ತಿಗೆ ಅದಕ್ಕೆ ಸ್ಕ್ರೂ ಹೊಡೆಯುವುದೆಂದು ಕಾರ್ಯಕ್ರಮ ಪಟ್ಟಿಯಲ್ಲಿತ್ತು. 'ಇದನ್ನು ಕಂಡುಹಿಡಿದು ಕಟ್ಟಿದವರು' ಎಂದು ಶುರುವಾಗಿ ಡಾಕ್ಟರ ಹೆಸರಿನಲ್ಲಿ ಮುಗಿಯುವ ಫಲಕ.

ಆ ಸ್ಕ್ರೂ ಬೀಳುವ ಮೊದಲು ಅಮ್ಮನ ಹೆಸರು ಬರಬೇಕು. ಸಿಡುಕ ಮೂರು ವಾರದಿಂದ ನಿದ್ದೆಗೆಟ್ಟದ್ದು ಇದಕ್ಕೇ. ಗಾಳದ ಕಣ್ಣಿಗೆ ದಾರ ಪೋಣಿಸಿ ಪೋಣಿಸಿ ಅಮ್ಮನ ಕಣ್ಣು ಸೋತಿದ್ದವು. ಈ ವರ್ಷ ದಾಟಿದರೆ ಉಳಿದ ಬೆಳಕೂ ಉಳಿಯುವುದಿಲ್ಲವೆಂದು ಕಣ್ಣಿನ ಆಸ್ಪತ್ರೆಯವರು ಹೇಳಿಯಾಗಿತ್ತು. ಹಿತ್ತಾಳೆಯ ಮೇಲೆ ಅಷ್ಟು ದೊಡ್ಡ ಅಕ್ಷರ ಕೊರೆದರೆ ಮೂಗು ತಾಗಿಸಿಯಾದರೂ ಒಂದು ಸಲ ಓದಿಕೊಂಡಾಳು ಎಂದು ಅವನ ಆಸೆ.

ಅವನಿಗೆ ಗೊತ್ತಾದದ್ದು ಒಂದು ಗುಂಡಿಯಿಂದ. ಅಡುಗೆಮನೆಯ ಕಿಟಕಿಯ ಹತ್ತಿರ ಅಮ್ಮ ಅವನ ಅಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಕಣ್ಣು ಸರಿಯಾಗಿ ಕಾಣದಿದ್ದರೇನು, ಬೆರಳಿಗೆ ದಾರಿ ಗೊತ್ತಿತ್ತು. ಗುಂಡಿಯ ಬುಡಕ್ಕೆ ದಾರ ಸುತ್ತಿದಳು, ಎಡಗೈಯಲ್ಲಿ. ಸುತ್ತಿದ ದಾರದ ಗೆರೆ ಯಾವ ಕಡೆ ವಾಲಿದೆ ಎಂದು ನೋಡಿದವನೇ ಸಿಡುಕ ಕೂತಲ್ಲೇ ಕಲ್ಲಾದ.

ಯಾಕೆಂದರೆ ಡಾಕ್ಟರ ಹುಳದ ಗುಟ್ಟೇ ಅದು. ಅದರ ಹೊಟ್ಟೆಗೆ ಸುತ್ತುವ ಬೆಳ್ಳಿ ತಂತಿ ಉಲ್ಟಾ ಸುತ್ತು. ಬೇರೆ ಎಲ್ಲ ಹುಳಗಳಲ್ಲಿ ಗೆರೆ ಒಂದು ಕಡೆ ವಾಲಿದರೆ ಇದರಲ್ಲಿ ಇನ್ನೊಂದು ಕಡೆ. ನದಿಯ ದಂಡೆಯಲ್ಲಿ ಏಳು ವರ್ಷ ಕೂತು, ಬೆಳಕು ನೀರನ್ನು ಹೊಕ್ಕುವ ಬಗೆಯನ್ನು ಅಭ್ಯಾಸ ಮಾಡಿ, ಡಾಕ್ಟರು ಈ ಸುತ್ತನ್ನು ಕಂಡುಹಿಡಿದರೆಂದು ಸಂಘದ ಪುಸ್ತಿಕೆಯಲ್ಲಿ ಎರಡು ಪುಟ ಬರೆದಿದ್ದರು. ಮೂವತ್ತು ವರ್ಷದಿಂದ ಬೆಂಚಿನ ಬಲಗೈಯವರೆಲ್ಲ ಮಣಿಕಟ್ಟು ತಿರುಚಿಕೊಂಡು ಆ ಸುತ್ತನ್ನು ಸುತ್ತುತ್ತಿದ್ದರು. ನೆಟ್ಟಗೆ ಸುತ್ತಿದ ತಪ್ಪಿಗೆ ಸಿಡುಕನೇ ಮೊದಲ ವರ್ಷ ಮೇಸ್ತ್ರಿಯಿಂದ ಗೆಣ್ಣಿಗೆ ಪೆಟ್ಟು ತಿಂದಿದ್ದ. ಈಗ ನೋಡಿದರೆ ಅದು ಬೆಳಕಿನ ಅಭ್ಯಾಸವೂ ಅಲ್ಲ, ನದಿಯ ಅಭ್ಯಾಸವೂ ಅಲ್ಲ. ಕಟ್ಟಿದವಳು ಎಡಚಿ, ಅಷ್ಟೇ.

"ಅಮ್ಮಾ, ಡಾಕ್ಟ್ರ ಹುಳ ಕಟ್ಟಿದ್ದು ನೀನಾ?"

ಅಮ್ಮ ದಾರ ಕಚ್ಚಿ ತುಂಡು ಮಾಡಿದಳು. "ಆವಾಗ ಬೆಂಚಲ್ಲಿ ಎಡಚಿ ನಾನೊಬ್ಳೇ. ಸಂಜೆ ಹೊತ್ತು ನೀರ ಮೇಲೆ ಬೀಳೋ ಕಂದು ಹುಳ ಇದ್ಯಲ್ಲ, ಅಂಥದ್ದು ಬೇಕು ಅಂತ ಬಂದ್ರು ಅವ್ರು. ಹನ್ನೆರಡು ಕಟ್ಟಿಕೊಟ್ಟೆ, ಹನ್ನೆರಡೂ ಬೇಡ ಅಂದ್ರು. ಹದಿಮೂರನೇದಕ್ಕೆ ಮೀನು ಬಿತ್ತು."

"ಮತ್ತೆ ಯಾಕೆ ಇಷ್ಟು ವರ್ಷ ಹೇಳ್ಲಿಲ್ಲ?"

"ಯಾರು ಕೇಳಿದ್ರು?" ಎಂದಳು. ಆಮೇಲೆ, "ನೀನು ಬಾಯಿ ಮುಚ್ಕೊಂಡಿರು. ನಿನ್ನ ಬಾಯಿ ನಮ್ಮನೆಗೆ ಯಾವತ್ತೂ ಒಳ್ಳೇದು ತಂದಿಲ್ಲ."

ಸಭೆಯಲ್ಲಿ ಅವನು ಮುಚ್ಚಿಕೊಂಡಿರಲಿಲ್ಲ, ಅಷ್ಟೇ.

ಸಂಭ್ರಮದ ಮಧ್ಯಾಹ್ನ ಗಾಳದ ಸಾಮಾನಿನ ಬಗ್ಗೆ ರಸಪ್ರಶ್ನೆ ಇಟ್ಟಿದ್ದರು. ಖಾಲಿ ಕುರ್ಚಿ ತುಂಬಿಸಲು ಬೆಂಚಿನವರನ್ನೂ ಕರೆದಿದ್ದರು. ಹಳೆ ಕಾಲದಲ್ಲಿ ಗಾಳದ ದಾರವನ್ನು ಕುದುರೆ ಬಾಲದ ಕೂದಲಿನಿಂದ ಹೆಣೆಯುತ್ತಿದ್ದರು, ಹೆಣ್ಣು ಕುದುರೆಯ ಕೂದಲು ಬೇಡವೆನ್ನುತ್ತಿದ್ದರು, ಯಾಕೆ ಎಂದು ಕಾರ್ಯದರ್ಶಿ ಕೇಳಿದ. ಸೂಟುಗಳು ಮುಖ ಮುಖ ನೋಡಿಕೊಂಡವು.

"ಹೆಣ್ಣು ಕುದುರೆ ಉಚ್ಚೆ ಹೊಯ್ದಾಗ ಬಾಲ ನೆನೆಯುತ್ತೆ ಸಾರ್. ಕೂದ್ಲು ಲಡ್ಡಾಗಿ ಕಿತ್ತೋಗುತ್ತೆ," ಎಂದ ಸಿಡುಕ ಹಿಂದಿನಿಂದ.

ಚಪ್ಪಾಳೆ ಬಿತ್ತು. ನೈಲಾನ್ ಬರುವ ಮುಂಚೆ ದಾರಕ್ಕೂ ಹುಳಕ್ಕೂ ನಡುವೆ ಕಾಣದಂಥ ಎಳೆಯಾಗಿ ಏನನ್ನು ಕಟ್ಟುತ್ತಿದ್ದರು ಎಂದು ಎರಡನೇ ಪ್ರಶ್ನೆ.

"ರೇಷ್ಮೆ ಹುಳದ ಕರುಳು. ಗಂಟು ಹಾಕೋ ಮುಂಚೆ ನೀರಲ್ಲಿ ನೆನೆಸ್ಬೇಕು, ಇಲ್ದಿದ್ರೆ ಪಟ್ ಅಂತ ಮುರಿಯುತ್ತೆ."

ಮತ್ತೆ ಚಪ್ಪಾಳೆ. "ಪರವಾಗಿಲ್ವೇ, ಬೆಂಚಲ್ಲೂ ಪಂಡಿತರಿದ್ದಾರೆ," ಎಂದ ಕಾರ್ಯದರ್ಶಿ. ಡಾಕ್ಟರೂ ತಲೆದೂಗಿದರು. ಹೊಗಳಿಕೆ ಅಭ್ಯಾಸವಿಲ್ಲದ ಸಿಡುಕನ ಕಿವಿ ಬಿಸಿಯಾಯಿತು. ಇವರು ಕೇಳಿಸಿಕೊಳ್ಳುವ ಜನ, ಗೊತ್ತಿದ್ದವನ ಮಾತಿಗೆ ಬೆಲೆ ಕೊಡುವ ಜನ ಎಂದು ಆ ಎರಡು ನಿಮಿಷ ಅವನಿಗೆ ಅನಿಸಿದ್ದೇ ತಪ್ಪಾಯಿತು. ಕೊನೆಯದು ಉತ್ತರಕ್ಕಾಗಿ ಕೇಳಿದ ಪ್ರಶ್ನೆಯಲ್ಲ, ಚಪ್ಪಾಳೆಗಾಗಿ ಕೇಳಿದ್ದು. ಡಾಕ್ಟರ ಹುಳವನ್ನು ಮೊದಲು ಕಟ್ಟಿದವರು ಯಾರು? ಎಲ್ಲರೂ ಕೈ ಎತ್ತಿ ಡಾಕ್ಟರ ಕಡೆ ತಿರುಗುವಷ್ಟರಲ್ಲಿ ಸಿಡುಕ ಎದ್ದು ನಿಂತಿದ್ದ.

"ನಮ್ಮಮ್ಮ," ಎಂದ.

ಆಗಲೇ ಕಾರ್ಯದರ್ಶಿ ತಲೆಯ ಹುಳದ ಮಾತಾಡಿದ್ದು.

ನಗು ಇಳಿದ ಮೇಲೂ ಸಿಡುಕ ಕೂರಲಿಲ್ಲ. "ಗಾಜಿನ ಪೆಟ್ಟಿಗೆ ತೆಗ್ದು ನೋಡಿ ಸಾರ್. ಅದು ಎಡಗೈಯವರ ಸುತ್ತು. ಡಾಕ್ಟ್ರು ಬಲಗೈಯವರು, ಈಗ ಲೋಟ ಹಿಡ್ಕೊಂಡಿರೋದೂ ಬಲಗೈಯಲ್ಲೇ. ನಮ್ಮಮ್ಮ ಎಡಚಿ. ಇನ್ನೇನು ಬೇಕು?"

ಡಾಕ್ಟರು ಲೋಟವನ್ನು ಮೇಜಿನ ಮೇಲಿಟ್ಟರು. ಅವರ ಮುಖದಲ್ಲಿ ಕೋಪವಿರಲಿಲ್ಲ. ಮೂವತ್ತು ವರ್ಷ ಹೇಳಿ ಹೇಳಿ ಆ ಕತೆ ಅವರಿಗೇ ನಿಜವಾಗಿಬಿಟ್ಟಿತ್ತೋ ಏನೋ, ಯಾರೋ ಮನೆಯ ವಿಳಾಸ ತಪ್ಪು ಹೇಳಿದಂತೆ ಹುಬ್ಬು ಗಂಟಿಕ್ಕಿ ನೋಡಿದರು. "ಜಗಳ ಯಾಕೆ? ವೈಸು, ಗಾಳ ಎಲ್ಲಾ ಇಲ್ಲೇ ಇದೆ. ಆಯಮ್ಮನೇ ಬಂದು ಒಂದು ಕಟ್ಟಿ ತೋರಿಸ್ಲಿ. ಸುತ್ತು ಸರಿಯಾಗಿದ್ರೆ ಆ ಫಲಕ ನಾನೇ ವಾಪಸ್ ಕಳಿಸ್ತೀನಿ," ಎಂದರು.

ಇದಕ್ಕಿಂತ ಇನ್ನೇನು ಬೇಕಿತ್ತು? ಅಮ್ಮನ ಬೆರಳಿಗೆ ಕಣ್ಣು ಬೇಡ.

ಅಕ್ಕ ಅಮ್ಮನ ರೆಟ್ಟೆ ಹಿಡಿದು ವೇದಿಕೆಯವರೆಗೆ ನಡೆಸಿದಳು. ಅರ್ಧ ದಾರಿಯಲ್ಲಿ ಕಾರ್ಖಾನೆಯ ಯಜಮಾನ ಕುರ್ಚಿಯಿಂದೆದ್ದು, ಇನ್ನೊಂದು ಕಡೆಯಿಂದ ಅಮ್ಮನಿಗೆ ಕೈ ಕೊಟ್ಟ. ಹಿಂದೆಯೇ ಬರುತ್ತಿದ್ದ ಸಿಡುಕನಿಗೆ ಅವನ ಮಾತು ಕೇಳಿಸಿತು. ಸಕ್ಕರೆಯಂಥ ಮಾತು.

"ನಿಧಾನಕ್ಕೆ ಬನ್ನಿ ಅಮ್ಮಾ. ಡಾಕ್ಟ್ರ ಹೆಸರಿಂದಾನೇ ತಾನೆ ನಮ್ಮ ಬೆಂಚು ನಡೀತಿರೋದು? ನಿಮ್ಮ ಮಕ್ಕಳಿಬ್ರೂ ಅಲ್ಲೇ ಕೂರ್ತಾರಲ್ವಾ?"

"ಹೂಂ ಸ್ವಾಮಿ," ಎಂದಳು ಅಮ್ಮ.

ಮೇಜಿನ ಮೇಲೆ ವೈಸು ಇತ್ತು, ಬಲಗೈಯವರು ಕೂರುವಂತೆ ಇಟ್ಟದ್ದು. ಎಡಚರು ಕೂತರೆ ಮೊದಲು ಮಾಡುವ ಕೆಲಸ ಅದನ್ನು ಅರ್ಧ ತಿರುಗಿಸಿಕೊಳ್ಳುವುದು. ಅಮ್ಮ ಕೂತಳು. ಶಾಲಿನೊಳಗಿಂದ ಅವಳ ಎಡಗೈ ಹೊರಗೆ ಬಂತು, ವೈಸಿನ ಕತ್ತು ಹಿಡಿಯಿತು. ತಿರುಗಿಸು ಎಂದು ಸಿಡುಕ ಹಲ್ಲು ಕಚ್ಚಿ ಮನಸ್ಸಿನಲ್ಲೇ ಹೇಳಿದ. ಕೈ ಅಲ್ಲೇ ಒಂದು ಉಸಿರಿನಷ್ಟು ಹೊತ್ತು ನಿಂತಿತು. ಆಮೇಲೆ ವೈಸನ್ನು ಬಿಟ್ಟು, ಮತ್ತೆ ಶಾಲಿನೊಳಗೆ ಹೋಯಿತು.

ಅಮ್ಮ ಬಲಗೈಯಿಂದ ದಾರ ಎತ್ತಿಕೊಂಡಳು.

ತಾನು ಹುಟ್ಟಿದಾಗಿನಿಂದ ಅವಳು ಬಲಗೈಯಲ್ಲಿ ಒಂದು ಗಂಟು ಹಾಕಿದ್ದನ್ನು ಸಿಡುಕ ಕಂಡಿರಲಿಲ್ಲ. ಗಾಳ ಎರಡು ಸಲ ಬೆರಳಿಗೆ ಚುಚ್ಚಿತು. ಗರಿ ಜಾರಿ ಬಿತ್ತು, ಅಕ್ಕ ಹೆಕ್ಕಿಕೊಟ್ಟಳು. ಕೂದಲು ಒಂದೇ ಕಡೆ ಗುಡ್ಡೆಯಾಯಿತು. ಬೆಂಚಿನಲ್ಲಿ ಗಂಟೆಗೆ ಹತ್ತು ಹುಳ ಕಟ್ಟುತ್ತಿದ್ದ ಹೆಂಗಸು ಒಂದಕ್ಕೆ ಕಾಲು ಗಂಟೆ ತಿಣುಕಿದಳು. ಯಾರೋ ಆಕಳಿಸಿದರು. ಕೊನೆಗೆ ಬೆಳ್ಳಿ ತಂತಿಯನ್ನು ಸುತ್ತಿ, ಗಂಟು ಬಿಗಿದು, ಮುಖ ಎತ್ತಿದಳು.

ಕಾರ್ಯದರ್ಶಿ ಭೂತಗನ್ನಡಿ ತಂದು ಬಗ್ಗಿ ನೋಡಿದ. ಗಾಜಿನ ಪೆಟ್ಟಿಗೆಯ ಹತ್ತಿರ ಹೋಗಿ ನೋಡಿದ. ಮತ್ತೆ ಬಂದು ನೋಡಿದ.

"ಇದು ನೆಟ್ಟ ಸುತ್ತು," ಎಂದ ಮೈಕಿನಲ್ಲಿ. "ಡಾಕ್ಟ್ರದ್ದು ಉಲ್ಟಾ. ಆಯಮ್ಮ ಕಟ್ಟಿದ್ದೂ ಬಲಗೈಯಲ್ಲೇ, ಎಲ್ಲರೂ ನೋಡಿದ್ರಿ."

ಈ ಸಲ ನಗಲು ಬೆಂಚಿನವರಿಗೆ ಯಜಮಾನನ ಮುಖ ನೋಡುವ ಅಗತ್ಯ ಬೀಳಲಿಲ್ಲ.

"ಅವಳು ಬೇಕಂತಲೇ," ಎಂದು ಶುರು ಮಾಡಿದ ಸಿಡುಕ. ಮುಂದಿನ ಮಾತು ಹೇಳಬೇಕಾದರೆ ಇಷ್ಟು ಜನರ ಮುಂದೆ ಅಮ್ಮನನ್ನು ಸುಳ್ಳಿ ಎನ್ನಬೇಕಿತ್ತು.

ಡಾಕ್ಟರು ಅಮ್ಮನ ಕಡೆ ಬಾಗಿದರು. "ನೀವು ಎಡಚರಾ ಅಮ್ಮಾ?"

"ಇಲ್ಲ ಡಾಕ್ಟ್ರೇ. ಅವ್ನು ಹುಡುಗ. ನಂಗೆ ಕಣ್ಣು ಹೋಯ್ತು ಅಂತ ಹೊಟ್ಟೇಲಿ ಸಂಕಟ, ಅದಕ್ಕೆ ಏನೇನೋ ಮಾತಾಡ್ತಾನೆ. ಹೊಟ್ಟೆಗೆ ಹಾಕ್ಕೊಳ್ಳಿ."

ಡಾಕ್ಟರು ಅವಳ ಶಾಲಿನ ಕಡೆ, ಎಡಗೈ ಅಡಗಿದ್ದ ಜಾಗದ ಕಡೆ, ಸ್ವಲ್ಪ ಹೊತ್ತು ನೋಡಿದರು. ಆ ಹೊತ್ತಿನಲ್ಲಿ ಅವರಿಗೆ ಏನಾದರೂ ನೆನಪಾಗಿದ್ದರೆ ಅದು ಅವರ ಬಾಯಿಯವರೆಗೆ ಬರಲಿಲ್ಲ. ಲೋಟ ಎತ್ತಿಕೊಂಡು ಒಂದು ಗುಟುಕು ನೀರು ಕುಡಿದರು. "ಇರ್ಲಿ ಇರ್ಲಿ, ಬಿಸಿರಕ್ತ," ಎಂದರು. ಗೋಡೆಯ ಬಳಿ ಕಾದಿದ್ದ ಬಡಗಿಗೆ ಕಾರ್ಯದರ್ಶಿ ಕಣ್ಸನ್ನೆ ಮಾಡಿದ. ಬಡಗಿ ಹಿತ್ತಾಳೆಯ ಫಲಕವನ್ನು ಎತ್ತಿ ಗೋಡೆಗೆ ಹಿಡಿದು ಮೊದಲ ಸ್ಕ್ರೂ ತಿರುಗಿಸತೊಡಗಿದ.

ಅಮ್ಮ ಕಟ್ಟಿದ ಸೊಟ್ಟ ಹುಳ ಇನ್ನೂ ವೈಸಿನ ಬಾಯಲ್ಲೇ ಇತ್ತು. ಸಿಡುಕ ಅದನ್ನು ಬಿಡಿಸಿ ಅಂಗೈಯಲ್ಲಿ ಇಟ್ಟುಕೊಂಡ. ಇಷ್ಟು ಕೆಟ್ಟದಾಗಿ ಕಟ್ಟಿದ ಹುಳವನ್ನು ಅವನು ಬೇರೆಲ್ಲೂ ನೋಡಿರಲಿಲ್ಲ. ಮುಷ್ಟಿ ಬಿಗಿದಾಗ ಗಾಳದ ಮೊನೆ ಒಳಗೆ ಇಳಿಯಿತು.

"ಏನಪ್ಪಾ ಪಂಡಿತ," ಎಂದ ಕಾರ್ಯದರ್ಶಿ, ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದು. "ಈಗ ಹೇಳು, ಡಾಕ್ಟ್ರ ಹುಳ ಮೊದ್ಲು ಕಟ್ಟಿದ್ದು ಯಾರು?"

ಸಭೆ ಕಾಯಿತು. ಅಮ್ಮನೂ, ಸೋತ ಕಣ್ಣನ್ನು ಅವನಿದ್ದ ಕಡೆ ತಿರುಗಿಸಿ, ಕಾದಳು.

ಸಿಡುಕ ಮುಷ್ಟಿ ಬಿಚ್ಚದೆ ವೇದಿಕೆಯಿಂದ ಇಳಿದ. ಕುರ್ಚಿಗಳ ನಡುವೆ, ಕಾಲು ಒಳಗೆಳೆದುಕೊಂಡು ದಾರಿ ಬಿಟ್ಟ ಬೆಂಚಿನವರ ಮುಂದೆ, ಬಾಗಿಲ ಕಡೆ ನಡೆದ. ಹಿಂದೆ ಎರಡನೇ ಸ್ಕ್ರೂ ಕಿರುಗುಟ್ಟುತ್ತಿತ್ತು.