ಒಡೆಯಬೇಕಾದ ಹಾಲು

ಮೂವತ್ತು ವರ್ಷಗಳಲ್ಲಿ ಪೂವಕ್ಕನ ಕೈಯಲ್ಲಿ ತೆಂಗಿನಹಾಲು ಒಮ್ಮೆಯೂ ಒಡೆದಿರಲಿಲ್ಲ. ಬಂಟ್ವಾಳದಿಂದ ದೋಹಾಕ್ಕೆ ಬಂದು ಮೊದಲು ಮೂರು ಮನೆಗಳಲ್ಲಿ, ಆಮೇಲೆ ಮನ್ಸೂರಾದ ಊಟದ ಹೋಟೆಲಿನಲ್ಲಿ ಒಲೆ ನೋಡಿಕೊಂಡವಳು ಅವಳು. ದಪ್ಪ ಹಾಲನ್ನು ಕೊನೆಗೆ ಹಾಕಬೇಕು, ಹಾಕಿದ ಮೇಲೆ ಕುದಿಯಲು ಬಿಡಬಾರದು. ಇದನ್ನು ಅವಳಿಗೆ ಯಾರೂ ಎರಡನೇ ಸಲ ಹೇಳಿಕೊಡಬೇಕಾಗಿ ಬಂದಿರಲಿಲ್ಲ. ಹಾಲು ಒಡೆದು ಎಣ್ಣೆ ತೇಲಿದರೆ ಅವಳ ಪಾಲಿಗೆ ಅದು ಅಡುಗೆಯಲ್ಲ, ಅವಮಾನ.

ಹೊಸ ಕೆಲಸದ ಎರಡನೇ ದಿನವೇ ಎಡವಟ್ಟಾದದ್ದು ಈ ಹೆಮ್ಮೆಯಿಂದಲೇ.

ಅಬ್ದುಲ್ ಲತೀಫ್ ಸೂಕ್ ವಾಕಿಫ್ ಪೇಟೆಯ ಹತ್ತಿರ ಹೋಟೆಲು ತೆರೆಯುವವರಿದ್ದರು. ಬಿರಿಯಾನಿಯದ್ದಲ್ಲ, ಉತ್ತರ ಥಾಯ್ಲೆಂಡಿನ ಊಟದ್ದು. ಇಪ್ಪತ್ತು ವರ್ಷ ಬಟ್ಟೆ ಮಾರಿದ ಬ್ಯಾರಿಗೆ ಇದೆಂಥ ಹುಚ್ಚು ಎಂದವರಿಗೆಲ್ಲ ಅವರದು ಒಂದೇ ಉತ್ತರ: "ಚಿಯಾಂಗ್ ಮಾಯಿಗೆ ಹೋಗಿ ಒಂದು ಬಟ್ಟಲು ಖಾವ್ ಸೋಯ್ ತಿಂದು ಬನ್ನಿ, ಮತ್ತೆ ಮಾತಾಡುವ." ತೆಂಗಿನಹಾಲಿನ ಕೋಳಿ ಸಾರಿನಲ್ಲಿ ಮೆತ್ತನೆ ನೂಡಲ್ಸ್, ಅದರ ಮೇಲೆ ಗರಿಗರಿ ಕರಿದ ನೂಡಲ್ಸ್, ಬದಿಗೆ ಹಸಿ ಈರುಳ್ಳಿ. ಅದನ್ನು ಮಾಡಲು ಆ ಊರಿನಿಂದಲೇ ನೋಯ್ ಎಂಬ ಹೆಂಗಸನ್ನು ಕರೆಸಿದ್ದರು. ಎರಡನೇ ಒಲೆಗೆ ಪೂವಕ್ಕ.

ಆ ದಿನ ನೋಯ್ ದಪ್ಪ ಹಾಲನ್ನೇ ಮೊದಲು ಬಾಣಲೆಗೆ ಸುರಿದು, ಉರಿ ಏರಿಸಿ, ಪೂವಕ್ಕನನ್ನು ಕಾವಲಿಗೆ ನಿಲ್ಲಿಸಿ ಫೋನಿನಲ್ಲಿ ಮಾತಾಡಲು ಹೊರಗೆ ಹೋದಳು. ಹಾಲು ಕೊತಕೊತ ಕುದಿದು ಅಂಚಿನಲ್ಲಿ ಎಣ್ಣೆ ಬಿಡತೊಡಗಿತು. ಅಯ್ಯೋ ಪಾಪ, ದೂರದಿಂದ ಬಂದ ಹೆಂಗಸು, ಇವಳ ಮಾನ ಹೋಗುವುದು ಬೇಡ ಎಂದುಕೊಂಡು ಪೂವಕ್ಕ ಬೆಂಕಿ ಆರಿಸಿ, ತಣ್ಣೀರು ಚಿಮುಕಿಸಿ, ಅಕ್ಕಿಹಿಟ್ಟು ಕದಡಿ ಹಾಕಿ, ಒಡೆದ ಹಾಲನ್ನು ಒಂದು ಮಾಡಿಯೇ ಬಿಟ್ಟಳು. ಮಾಡಿ, ಹೊಗಳಿಕೆಗೆ ಕಾದು ನಿಂತಳು.

ನೋಯ್ ಬಾಣಲೆ ನೋಡಿ ಹಣೆ ಚಚ್ಚಿಕೊಂಡಳು. ಹಾಲು ಒಡೆಯಲೇಬೇಕು, ಬಿಟ್ಟ ಎಣ್ಣೆಯಲ್ಲೇ ಮಸಾಲೆ ಹುರಿಯಬೇಕು ಎಂದು ಅರ್ಧ ಇಂಗ್ಲಿಷಿನಲ್ಲಿ, ಅರ್ಧ ಕೈಸನ್ನೆಯಲ್ಲಿ ಕೂಗಾಡಿದಳು. ಬಾಣಲೆಯಲ್ಲಿದ್ದದ್ದನ್ನೆಲ್ಲ ಚೆಲ್ಲಬೇಕಾಯಿತು. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು.

"ಪೂವಕ್ಕ, ನೀವಿನ್ನು ತರಕಾರಿ ಹೆಚ್ಚಿ. ಒಲೆ ಹತ್ತಿರ ಬೇಡ, ಖಲಾಸ್," ಎಂದರು ಲತೀಫ್, ಅವಳ ಮುಖ ನೋಡದೆ.

ಅದು ಅವಳಿಗೆ ನುಂಗಲಾರದ ತುತ್ತು. ಈರುಳ್ಳಿ ಹೆಚ್ಚುವವಳಿಗೆ ಅಳಲು ನೆಪ ಹುಡುಕಬೇಕಿಲ್ಲ, ಆದರೂ ಅವಳು ಅಳಲಿಲ್ಲ. ಎರಡು ವಾರ ಕೈ ಈರುಳ್ಳಿಯ ಮೇಲೆ, ಕಣ್ಣು ನೋಯಳ ಬಾಣಲೆಯ ಮೇಲೆ. ಈ ಒಲೆಯನ್ನು ತಿರುಗಿ ಪಡೆಯದಿದ್ದರೆ ತಾನು ಪೂವಕ್ಕನೇ ಅಲ್ಲ ಎಂದು ಹಟ ಹಿಡಿದಿದ್ದಳು.

ಶುಕ್ರವಾರ ಎರಡು ಗಂಟೆಗೆ ಲತೀಫರ ಪಾಲುದಾರರು ರುಚಿ ನೋಡಲು ಬರುವವರಿದ್ದರು. ಬೆಳಿಗ್ಗೆ ಒಂಬತ್ತಕ್ಕೇ ನೋಯ್ ಹಾಲು ಕಾಯಿಸಲು ಇಟ್ಟಳು. ಹತ್ತು ನಿಮಿಷವಾಯಿತು, ಇಪ್ಪತ್ತಾಯಿತು. ಹಾಲು ಕುದಿದೇ ಕುದಿಯಿತು, ಒಡೆಯಲಿಲ್ಲ. ಸಾಮಾನು ತಂದವನು ಬೇರೆ ಕಂಪನಿಯ ಡಬ್ಬಿ ಇಳಿಸಿ ಹೋಗಿದ್ದ. ನೋಯ್ ಡಬ್ಬಿಯ ಮೇಲಿದ್ದದ್ದನ್ನು ಓದಿ ಅದನ್ನು ಕಸಕ್ಕೆ ಎಸೆದಳು.

ಆ ಡಬ್ಬಿ ಪೂವಕ್ಕನಿಗೆ ಹಳೆಯ ಪರಿಚಯ.

"ಅದು ಒಡೆಯುವ ಜಾತಿ ಅಲ್ಲ ಲತೀಫಾಕ. ಒಡೆಯಬಾರದು ಅಂತಲೇ ಎಂಥದೋ ಸೇರಿಸಿರ್ತಾರೆ. ನಾನು ಮನೆಗಳಲ್ಲಿ ಇದನ್ನೇ ತರಿಸ್ತಾ ಇದ್ದದ್ದು."

"ಈಗ ಎಂಥ ಮಾಡುವುದು ಮಾರಾಯ್ತಿ? ಶುಕ್ರವಾರ, ನಮಾಜು ಮುಗಿಯುವವರೆಗೆ ಅಂಗಡಿಗಳೆಲ್ಲ ಬಂದ್!"

"ನನ್ನ ರೂಮಲ್ಲಿ ಐದು ಕಾಯಿ ಉಂಟು, ಹೆರೆಮಣೆಯೂ ಉಂಟು. ಯಲ್ಲಾ, ಗಾಡಿ ತೆಗೀರಿ. ಆದರೆ ಒಂದು ಮಾತು, ಹಾಲು ಒಡೆಸುವುದು ನಾನು."

ಲತೀಫ್ ಅದನ್ನು ನೋಯಳಿಗೆ ಇಂಗ್ಲಿಷಿನಲ್ಲಿ ಹೇಳಿದರು. ನೋಯ್ ಗಡಿಯಾರ ನೋಡಿ, ಆಗಲಿ ಎಂದು ತಲೆಯಾಡಿಸಿದಳು.

ಮನ್ಸೂರಾದ ಅವಳ ರೂಮಿಗೆ ಹೋಗಿ ಬಂದು, ಅವಳನ್ನು ಇಳಿಸಿ ಲತೀಫ್ ನಮಾಜಿಗೆ ಹೋದರು. ಪೂವಕ್ಕ ಹೊಳೆಯುವ ಆ ಅಡುಗೆಮನೆಯ ನೆಲದಲ್ಲಿ ಹೆರೆಮಣೆ ಹಾಕಿ ಕುಳಿತಳು. ತುರಿದಳು, ರುಬ್ಬಿದಳು, ಬಟ್ಟೆಯಲ್ಲಿ ಹಿಂಡಿದಳು. ಬಂದ ಮೊದಲ ಹಾಲನ್ನು ಬಾಣಲೆಗೆ ಸುರಿದು ಉರಿ ಏರಿಸಿದಳು. ಹಾಲಿನಲ್ಲಿ ಗುಳ್ಳೆ ಎದ್ದಿತು. ಮೂವತ್ತು ವರ್ಷದ ಅಭ್ಯಾಸದ ಕೈ ತಾನಾಗಿಯೇ ಉರಿ ತಗ್ಗಿಸುವ ಗುಂಡಿಗೆ ಹೋಯಿತು. ಪೂವಕ್ಕ ಎಡಗೈಯಿಂದ ಆ ಬಲಗೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಒಡೆ, ನನ್ನ ತಾಯೀ, ಒಡೆ.

ಅಂಚಿನಲ್ಲಿ ಎಣ್ಣೆ ಮಿನುಗಿತು. ಮೆಲ್ಲಗೆ ಹಾಲೆಲ್ಲ ಒಡೆಯಿತು. ಪೂವಕ್ಕ ಕೆಂಪು ಮಸಾಲೆ ಹಾಕಿದಳು. ಚುರ್ ಎಂದು ಎದ್ದ ಘಮ ಅಡುಗೆಮನೆಯನ್ನೆಲ್ಲ ತುಂಬಿತು. ಅವಳಿಗೆ ಹೆದರಿಕೆ ಹೋಗಿ ನಗು ಬಂತು.

ಕೋಳಿ ಬೆಂದು ಸಾರು ಹದವಾದಾಗ ನೋಯ್ ಬಂದು ಒಂದು ಚಮಚ ಬಾಯಿಗಿಟ್ಟಳು. ಇನ್ನೊಂದು ಚಮಚ. ನೇರವಾಗಿ ಪೂವಕ್ಕ ನಿಲ್ಲುತ್ತಿದ್ದ ತರಕಾರಿ ಮೇಜಿಗೆ ಹೋಗಿ, ಚಾಕು ತೆಗೆದುಕೊಂಡು, ತಾನೇ ಈರುಳ್ಳಿ ಹೆಚ್ಚತೊಡಗಿದಳು.

ಪೂವಕ್ಕ ಬಾಣಲೆಯಿಂದ ಒಂದೇ ಒಂದು ಸಲ ಕಣ್ಣು ತೆಗೆದು ಆ ಕಡೆ ನೋಡಿದಳು.

"ನೋಯ್, ಇನ್ನೂ ಸಪೂರ ಹೆಚ್ಚಬೇಕು," ಎಂದಳು.

ನೋಯಳಿಗೆ ಕನ್ನಡ ಬಾರದು. ಆದರೂ ಇನ್ನೂ ಸಪೂರವಾಗಿ ಹೆಚ್ಚಿದಳು.